ಹಾಲ್ವಾರ್‌ನಲ್ಲಿ ಎರಡು ಕಲ್ಲು

ಹೊಸದುರ್ಗ
3 ಡಿಸೆಂಬರ್ 2024

ಶ್ರೀ ಪದ್ಮಯ್ಯನವರಿಗೆ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ನನ್ನ ಹೆಸರು ರೇವಣ್ಣ. ಹೊಸದುರ್ಗದ ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನಿಮ್ಮ ತಮ್ಮ ಉದಯ ನನ್ನ ಸ್ನೇಹಿತ. ನಾಲ್ಕು ವರ್ಷದ ಸ್ನೇಹ, ಆದರೆ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಾವಿಬ್ಬರೂ ದಿನಾ ಸಂಜೆ ಒಂದು ವಿಡಿಯೋ ಗೇಮ್ ಆಡುತ್ತೇವೆ. ಈ ವಯಸ್ಸಿನಲ್ಲಿ ಇದೆಂಥ ಹುಡುಗಾಟ ಎಂದು ನಗಬೇಡಿ.

ಆ ಆಟದಲ್ಲಿ ಹಾಲ್ವಾರ್ ಎಂಬ ದೊಡ್ಡ ದೇಶವಿದೆ. ಕಾಡು, ಕೆರೆ, ಪಾಳು ಗೋಪುರ, ಬೆಟ್ಟದ ಮೇಲೆ ಮಲಗಿರುವ ಡ್ರ್ಯಾಗನ್, ಎಲ್ಲ ಇದೆ. ಎಲ್ಲಿಗೆ ಬೇಕಾದರೂ ನಡೆದು ಹೋಗಬಹುದು. ಪರದೆಯ ಮೂಲೆಯಲ್ಲಿ ದುಂಡಗಿನ ಒಂದು ಪುಟ್ಟ ಮ್ಯಾಪ್ ಇರುತ್ತದೆ. ಎಲ್ಲರೂ ಅದನ್ನೇ ನೋಡಿಕೊಂಡು ಓಡುತ್ತಾರೆ. ಉದಯ ಮೊದಲನೇ ದಿನವೇ ಅದನ್ನು ತೆಗೆಸಿಬಿಟ್ಟ. "ಮೂಲೆ ನೋಡ್ಕೊಂಡು ನಡೆಯೋದಾದ್ರೆ ಈ ಬೆಟ್ಟ ಎಲ್ಲ ಯಾಕೆ ಮಾಡಿಟ್ಟಿದ್ದಾರೆ ಮಾರಾಯ? ಕಣ್ಣೆತ್ತಿ ನೋಡು" ಅಂದ. ಅಂದಿನಿಂದ ನಾವು ಮರ ನೋಡಿ, ನೀರು ಹರಿಯುವ ಕಡೆ ನೋಡಿ ದಾರಿ ಕಂಡುಕೊಂಡವರು.

ಈಗ ಎರಡು ವಾರ ಮೇಲಾಯಿತು, ಉದಯ ಬಂದಿಲ್ಲ. ಫೋನ್ ಸ್ವಿಚ್ ಆಫ್. ಹಿಂದೊಮ್ಮೆ ಅವನ ಆಟದ ಕಂಟ್ರೋಲರ್ ಕೆಟ್ಟಾಗ ರಿಪೇರಿ ಮಾಡಿ ನಿಮ್ಮ ಮನೆಯ ವಿಳಾಸಕ್ಕೆ ಕಳಿಸಿದ್ದೆ. ಆ ವಿಳಾಸಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಬ್ಬನೇ ಇರುವವನು, ಹುಷಾರು ತಪ್ಪಿದರೆ ನೋಡಿಕೊಳ್ಳುವವರು ನೀವೇ ತಾನೆ? ಒಂದು ಸಾಲು ಬರೆದರೆ ಸಮಾಧಾನವಾಗುತ್ತದೆ.

ವಿಶ್ವಾಸಿ,
ರೇವಣ್ಣ


ಬಿಟ್ಟಂಗಾಲ
12 ಡಿಸೆಂಬರ್ 2024

ರೇವಣ್ಣ ಅವರಿಗೆ,

ನಿಮ್ಮ ಪತ್ರ ಭಾವನ ಹೆಸರಿಗೆ ಬಂತು. ಅವರು ಓದಿ ನನ್ನ ಕೈಗೆ ಕೊಟ್ಟರು. "ಅವನ ಆಟದ ಸುದ್ದಿ ನಂಗೆ ಗೊತ್ತಿಲ್ಲೆ, ನೀನೇ ಬರಿ" ಎಂದರು.

ಉದಯ ಅವರು ನವೆಂಬರ್ ಹದಿನಾಲ್ಕಕ್ಕೆ ತೀರಿಕೊಂಡರು. ಅವರು ಇಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದದ್ದು ನಿಮಗೆ ತಿಳಿದಿರಬಹುದು. ಮಧ್ಯಾಹ್ನ ಕಾಫಿ ತೂಕ ಬರೆದುಕೊಳ್ಳುತ್ತಿದ್ದವರು ಎದೆ ಹಿಡಿದುಕೊಂಡು ಚೀಲದ ಮೇಲೆ ಕುಳಿತರಂತೆ. ಆಮೇಲೆ ಏಳಲಿಲ್ಲ. ವಿರಾಜಪೇಟೆಗೆ ಜೀಪಿನಲ್ಲಿ ಒಯ್ದರು, ದಾರಿಯಲ್ಲೇ ಮುಗಿದಿತ್ತು.

'ಒಬ್ಬನೇ ಇರುವವನು' ಎಂದು ಬರೆದಿದ್ದೀರಿ. ನಾನು ಅವರ ಹೆಂಡತಿ, ಪ್ರೇಮಾವತಿ. ಮದುವೆಯಾಗಿ ಹತ್ತೊಂಬತ್ತು ವರ್ಷ. ಮಕ್ಕಳಿಲ್ಲ. ಹೆಂಡತಿಯ ಮಾತು ಹೊರಗಿನವರ ಹತ್ತಿರ ಆಡುವ ಅಭ್ಯಾಸ ಅವರಿಗಿರಲಿಲ್ಲ, ಇರಲಿ ಬಿಡಿ.

ನಿಮ್ಮನ್ನು ಒಂದು ವಿಷಯ ಕೇಳಬೇಕು. ನಾಲ್ಕು ವರ್ಷ ದಿನಾ ಸಂಜೆ ಆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿಂದ ನಗು ಕೇಳುತ್ತಿತ್ತು. ನಮ್ಮೊಡನೆ ಊಟಕ್ಕೆ ಕುಳಿತಾಗ ನಗದ ಮನುಷ್ಯ. ಒಂದು ದಿನ ತಡೆಯಲಾರದೆ, ಒಳಗೆ ಅಂಥದ್ದೇನಿದೆ ಎಂದು ಕೇಳಿದೆ, "ಅಲ್ಲಿ ಎಂಥ ಉಟ್ಟು?" "ಎಂಥದೂ ಇಲ್ಲೆ" ಎಂದರು. ಅಲ್ಲಿ ಇದ್ದವರು ನೀವೊಬ್ಬರೇ ಆಗಿದ್ದರೇ? ಬೇರೆ ಯಾರಾದರೂ, ಹೆಂಗಸರು, ಇದ್ದರೇ? ಇದ್ದರೂ ಹೇಳಿ. ಈಗ ಜಗಳವಾಡಲು ಯಾರೂ ಉಳಿದಿಲ್ಲ.

ಅವರು ಆಡುತ್ತಿದ್ದ ಆಟದ ಮೆಷಿನ್ ಹಾಗೇ ಇದೆ. ಭಾವನ ಮಗ ಭವಿತ್ ತನಗೆ ಬೇಕು ಎನ್ನುತ್ತಿದ್ದಾನೆ. ನಾನು ಒಳಗೆ ಏನಿದೆ ಎಂದು ನೋಡದೆ ಕೊಡುವುದಿಲ್ಲ. ಹೇಗೆ ಹೋಗುವುದು, ಹೇಳಿಕೊಡಿ.

ದಯವಿಟ್ಟು ಫೋನ್ ಮಾಡಬೇಡಿ. ಇದು ಭಾವನ ಮನೆ, ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ಮುಖ ಕಾಣದವರ ಜೊತೆ ಮಾತಾಡಿದ್ದು ಈ ಮನೆಗೆ ಒಬ್ಬರದೇ ಸಾಕಾಗಿದೆ.

ಪ್ರೇಮಾವತಿ


ಹೊಸದುರ್ಗ
23 ಡಿಸೆಂಬರ್ 2024

ಪ್ರೇಮಾವತಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದುಬಿಟ್ಟೆ. ಮೂರು ಸಲ ಉತ್ತರ ಬರೆದು ಹರಿದೆ. ನಿಮ್ಮ ದುಃಖದ ಮುಂದೆ ನನ್ನದು ದೊಡ್ಡದಲ್ಲ. ಆದರೂ ಹೇಳುತ್ತೇನೆ, ನನಗೆ ಅಷ್ಟು ಹತ್ತಿರದವನು ಈಗ ಬೇರೆ ಯಾರೂ ಇಲ್ಲ.

ಹೆಂಗಸರು ಯಾರೂ ಇರಲಿಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಇದ್ದದ್ದು ನಾನು, ಅವನು, ಆ ಕಾಡು, ಅಷ್ಟೇ. ಮನೆಯ ವಿಷಯ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಒಂದು ಬೇಡಿಕೆ. ಆ ಮೆಷಿನ್ ಯಾರಿಗೂ ಕೊಡಬೇಡಿ. ಒಳಗಿರುವ ಏನನ್ನೂ ಅಳಿಸಲು ಬಿಡಬೇಡಿ. ಹುಡುಗರ ಕೈಗೆ ಹೋದರೆ ಮೊದಲು ಅಳಿಸುವುದೇ ಹಳೆಯದನ್ನು. ಕೊಡುವುದೇ ಆದರೆ ನನಗೆ ಕೊಡಿ.

ಟಿ.ವಿ. ಹಾಕಿ, ಮೆಷಿನ್ನಿನ ಗುಂಡಿ ಒತ್ತಿ, ಉದಯನ ಹೆಸರು ಬಂದಾಗ ಮತ್ತೆ ಒತ್ತಿ. ಕಂಟ್ರೋಲರಿನ ಎಡಗಡೆಯ ಕಡ್ಡಿ ನಡೆಯಲು, ಬಲಗಡೆಯದು ತಲೆ ತಿರುಗಿಸಿ ನೋಡಲು. ನಾನು ಅವನನ್ನು ಕೊನೆಗೆ ಬಿಟ್ಟಿದ್ದು ವಾಲಿಕೊಂಡಿರುವ ಗೋಪುರದ ಬುಡದಲ್ಲಿ. ಅಲ್ಲಿಂದ ಕೆಳಗೆ ಕೆರೆ ಕಾಣುತ್ತದೆ. ಕೆರೆಯ ನೀರನ್ನು ಬಲಕ್ಕೆ ಇಟ್ಟುಕೊಂಡು ನಡೆದರೆ ಅವನು ಕಟ್ಟಿದ ಮನೆ ಸಿಗುತ್ತದೆ. ಮನೆಯ ಹಿಂದೆ ದಿಬ್ಬ, ದಿಬ್ಬದ ಮೇಲೆ ಕೆಂಪು ತೊಗಟೆಯ ಮರಗಳು. ಅವುಗಳ ಆಚೆ ಹೋಗಬೇಡಿ. ತೋಳಗಳಿವೆ.

ನಾನಾಗಿ ಒಳಗೆ ಬರುವುದಿಲ್ಲ. ನೀವು ಕರೆಯದೆ ಅಲ್ಲಿ ಕಾಲಿಡುವುದು ಸರಿಯಲ್ಲ.

ರೇವಣ್ಣ


ಬಿಟ್ಟಂಗಾಲ
9 ಜನವರಿ 2025

ರೇವಣ್ಣ ಅವರಿಗೆ,

ನೀವು ಹೇಳಿದಂತೆ ಹೋದೆ. ಮೊದಲ ದಿನ ಅರ್ಧ ಗಂಟೆ ಆಕಾಶವನ್ನೇ ನೋಡುತ್ತಾ ಗಿರಗಿರ ತಿರುಗಿದೆ. ಎರಡನೇ ದಿನ ಕೆರೆಗೆ ಬಿದ್ದು ಸತ್ತೆ. ಸತ್ತರೆ ಮತ್ತೆ ಗೋಪುರದ ಬುಡದಲ್ಲೇ ಏಳುತ್ತೇವಲ್ಲ, ಅದು ಗೊತ್ತಿರಲಿಲ್ಲ. ಗಾಬರಿಯಾಗಿ ಮೆಷಿನ್ ಬಂದ್ ಮಾಡಿಬಿಟ್ಟೆ.

ಭವಿತ್ ಬಂದು ನಿಂತು ನಗುತ್ತಿದ್ದ. "ಚಿಕ್ಕಮ್ಮ, ಮ್ಯಾಪ್ ಹಾಕಿಕೊಡ್ತೇನೆ, ಇಲ್ಲದಿದ್ರೆ ನೀವು ಮಳೆಗಾಲದವರೆಗೂ ಇಲ್ಲೇ ಸುತ್ತುದು" ಎಂದು ಮೂಲೆಯಲ್ಲಿ ಆ ದುಂಡಗಿನದನ್ನು ತರಿಸಿದ. ಸ್ವಲ್ಪ ಹೊತ್ತು ಅದರಲ್ಲಿ ನಡೆದೆ. ನಿಜ ಹೇಳುತ್ತೇನೆ, ಬೇಗ ಮುಟ್ಟುತ್ತೇವೆ. ಆದರೆ ಏನೂ ನೋಡಿದ ಹಾಗಾಗಲಿಲ್ಲ. ಚುಕ್ಕೆಯ ಹಿಂದೆ ಚುಕ್ಕೆ. ನನಗೆ ಬೇಕಾದ್ದು ಅವರು ಏನು ನೋಡುತ್ತಿದ್ದರು ಎಂಬುದು. ತೆಗಿ ಎಂದೆ.

ಈಗ ನಡೆಯುತ್ತೇನೆ. ಎಲ್ಲಿ ಹುಲ್ಲು ಹೆಚ್ಚು ಹಸಿರೋ ಅಲ್ಲಿ ತೋಡು, ನಿಮ್ಮ ಕಡೆಯ ಹಳ್ಳ, ಇರುತ್ತದೆ, ತೋಡಿನ ಜೊತೆ ಇಳಿದರೆ ಕೆರೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ಹುಟ್ಟಿದ್ದೂ ಬೆಟ್ಟದಲ್ಲೇ.

ಮನೆ ಸಿಕ್ಕಿತು. ಚೆನ್ನಾಗಿ ಕಟ್ಟಿದ್ದಾರೆ. ಅಡುಗೆಮನೆಗೆ ಗೋಡೆಯುದ್ದಕ್ಕೂ ಮರದ ಕಪಾಟು. ಭಾವನ ಈ ಮನೆಗೆ ಬಂದ ಮೇಲೆ ನಾನು ಕೇಳಿದ್ದು ಒಂದೇ, ನನ್ನ ಪಾತ್ರೆ ಇಡಲು ಒಂದು ಕಪಾಟು. ನನ್ನ ಓರಗಿತ್ತಿ ಅಕ್ಕನ ಪಾತ್ರೆಗಳ ನಡುವೆ ನನ್ನವು ಕಳೆದುಹೋಗುತ್ತವೆ ಎಂದು. "ಆಗಲಿ, ಮಾಡ್ಸುವ" ಎಂದು ಆರು ವರ್ಷ ಹೇಳಿದರು. ಅಲ್ಲಿ ಅಡುಗೆ ಮಾಡುವವರು ಯಾರೂ ಇಲ್ಲ, ಅಲ್ಲಿ ಮಾಡಿಟ್ಟಿದ್ದಾರೆ. ಎರಡು ಕುರ್ಚಿ ಇವೆ. ಒಂದು ನಿಮ್ಮದಿರಬೇಕು.

ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೆಷಿನ್ನಿನ ಮೇಲೆ ನಿಮಗೇಕೆ ಅಷ್ಟು ಆಸೆ? ರಿಪೇರಿ ಅಂಗಡಿಯವರು ನೀವು, ನಿಮ್ಮಲ್ಲಿ ಇಂಥವು ಎಷ್ಟೋ ಇರಬೇಕಲ್ಲ.

ಪ್ರೇಮಾವತಿ


ಹೊಸದುರ್ಗ
20 ಜನವರಿ 2025

ತಂಗಿ ಪ್ರೇಮಾವತಿಗೆ,

ತಂಗಿ ಎಂದು ಕರೆದಿದ್ದಕ್ಕೆ ಸಿಟ್ಟಾಗಬೇಡಿ, ವಯಸ್ಸಿನಲ್ಲಿ ನಾನು ದೊಡ್ಡವನಿರಬೇಕು. ನಿಮ್ಮ ಪತ್ರ ಓದಿ ಬಹಳ ದಿನದ ಮೇಲೆ ನಕ್ಕೆ. ನಾನೂ ಮೊದಲು ಆ ಕೆರೆಗೇ ಬಿದ್ದವನು. ಉದಯ ದಡದಲ್ಲಿ ನಿಂತು "ನಿಮ್ಮ ದುರ್ಗದ ಕಡೆ ನೀರೇ ಕಂಡಿಲ್ಲ ನೀನು, ಅದಕ್ಕೇ ಕೆರೆ ಅಂದ್ರೆ ರಸ್ತೆ ಅಂದ್ಕೊಂಡೆ" ಅಂದಿದ್ದ.

ನೀವು ಮ್ಯಾಪ್ ತೆಗೆಸಿದ್ದು ಕೇಳಿ ಸಂತೋಷವಾಯಿತು. ಒಂದು ಸಲ ದಾರಿ ತಪ್ಪಿ ನಾವಿಬ್ಬರೂ ಹಿಮದ ಬೆಟ್ಟದಲ್ಲಿ ವಾರಗಟ್ಟಲೆ ಅಲೆದೆವು. ಸಾಕು, ಮ್ಯಾಪ್ ಹಾಕೋಣ ಅಂದೆ. ಅವನು ಒಪ್ಪಲಿಲ್ಲ. ಕೊನೆಗೆ ಒಂದು ಹಕ್ಕಿ ಹಿಂಡು ಹಾರುವ ದಿಕ್ಕು ಹಿಡಿದು ಹೊರಗೆ ಬಂದೆವು. ಇಂಥ ಗೆಳೆಯನ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನಿಸಿತ್ತು. ಕೈ ಬಿಡುವವನಲ್ಲ.

ಮೆಷಿನ್ನಿನ ವಿಷಯ: ನೆನಪಿಗೆ, ಅಷ್ಟೇ. ಬೇರೇನಿಲ್ಲ.

ಗೋಪುರದ ಮೇಲೆ ಹತ್ತಿ ನೋಡಿ, ಸಮುದ್ರ ಕಾಣುತ್ತದೆ. ಕೆರೆಯ ಆಚೆ ದಡದಲ್ಲಿ ದೋಣಿಯವನಿದ್ದಾನೆ, ಅವನ ಹತ್ತಿರ ಹೋಗಿ. ಅಲ್ಲಿ ನೋಡುವುದು ಬೇಕಾದಷ್ಟಿದೆ. ಕೆಂಪು ಮರಗಳ ಕಡೆ ಮಾತ್ರ ಬೇಡ.

ರೇವಣ್ಣ


ಬಿಟ್ಟಂಗಾಲ
2 ಫೆಬ್ರವರಿ 2025

ರೇವಣ್ಣ ಅವರಿಗೆ,

ಎರಡು ಸಲ ಬೇಡ ಎಂದಿರಿ. ಅದಕ್ಕೇ ಹೋದೆ.

ಕೆಂಪು ಮರಗಳ ಆಚೆ ತೋಳ ಇಲ್ಲ. ಒಂದು ನರಿಯೂ ಇಲ್ಲ. ಹುಲ್ಲಿನ ಬಯಲಿದೆ. ನಡುವೆ ಕಲ್ಲು ಪೇರಿಸಿದ ಎರಡು ಗುಪ್ಪೆ, ಎರಡರ ಮೇಲೂ ಹಲಗೆ. ಸುತ್ತ ಹೂವು ನೆಟ್ಟಿದ್ದಾರೆ. ಒಂದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ರುದ್ರಮ್ಮ' ಎಂದಿದೆ. ಇನ್ನೊಂದರ ಮೇಲೆ, 'ಪ್ರೇಮಾ. 2018 ಆಗಸ್ಟ್. ಕೈ ಜಾರಿತು.'

ನಾನು ಕಂಟ್ರೋಲರ್ ಕೆಳಗಿಟ್ಟು ಹೊರಗೆ ಹೋಗಿ ಅಂಗಳದಲ್ಲಿ ಒಣಹಾಕಿದ್ದ ಕಾಫಿ ಮಗುಚಿದೆ. ಮತ್ತೆ ಬಂದು ಓದಿದೆ. ಅದೇ ಇತ್ತು.

ನಿಮಗೆ ಇದು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ತೋಳದ ಕಥೆ ಕಟ್ಟುತ್ತಿರಲಿಲ್ಲ. 'ಒಬ್ಬನೇ ಇರುವವನು' ಎಂದು ಮೊದಲ ಪತ್ರದಲ್ಲಿ ಬರೆದದ್ದು ಈಗ ಅರ್ಥವಾಯಿತು. ನಾನು ಸತ್ತೆ ಎಂದು ನಿಮಗೆ ಹೇಳಿದ್ದರೇ? ನನ್ನ ಮೊದಲ ಉತ್ತರ ಓದಿದಾಗ ನೀವು ಏನೆಂದುಕೊಂಡಿರಿ? ದೆವ್ವ ಬರೆಯುತ್ತಿದೆ ಎಂದೇ?

ಏನು ಹೇಳಿದ್ದರು, ಪೂರ್ತಿ ಬರೆಯಿರಿ. ಒಂದು ಮಾತೂ ಬಿಡಬೇಡಿ. ರುದ್ರಮ್ಮ ಯಾರು ಎಂಬುದನ್ನೂ ಬರೆಯಿರಿ.

ಪ್ರೇಮಾವತಿ, ಬದುಕಿರುವವಳು


ಹೊಸದುರ್ಗ
11 ಫೆಬ್ರವರಿ 2025

ಪ್ರೇಮಾವತಿಯವರಿಗೆ,

ಹೌದು, ಗೊತ್ತಿತ್ತು. ನಿಮ್ಮ ಮೊದಲ ಪತ್ರ ಬಂದಾಗ ಎರಡನೇ ಮದುವೆ ಇರಬಹುದೇನೋ ಅಂದುಕೊಂಡೆ. ಹತ್ತೊಂಬತ್ತು ವರ್ಷ ಎಂದು ನೀವು ಬರೆದಿದ್ದನ್ನು ಮತ್ತೆ ಮತ್ತೆ ಓದಿದೆ. ಹೆಸರೂ ಅದೇ. ಆಮೇಲೆ ತಿಳಿಯಿತು. ಸತ್ತವನ ಮರ್ಯಾದೆ, ಇರುವವರ ನೆಮ್ಮದಿ, ಎರಡೂ ಉಳಿಯಲಿ ಎಂದು ನಿಮ್ಮನ್ನು ಆ ಕಡೆ ಹೋಗದಂತೆ ತಡೆದೆ.

ಅವನು ಹೇಳಿದ್ದು ಇದು. 2018ರ ಮಳೆಯಲ್ಲಿ, ಮದೆನಾಡಿನ ಆಚೆ ನಿಮ್ಮ ಹಳೆಯ ಮನೆಯ ಮೇಲೆ ಗುಡ್ಡ ಜಾರಿತು. ಹೆಂಡತಿ ಅಡುಗೆಮನೆಯಲ್ಲಿ ಸಿಕ್ಕಿಹಾಕಿಕೊಂಡಳು. ಇವನು ಒಳಗೆ ನುಗ್ಗಿ ಅವಳ ಕೈ ಹಿಡಿದ. ಕೆಸರು ಎಳೆಯುತ್ತಿತ್ತು. ಎಷ್ಟೋ ಹೊತ್ತು ಹಿಡಿದುಕೊಂಡಿದ್ದ. "ಕೊನೆಗೆ ಅವಳೇ ಬಿಡು ಅಂದಳು ರೇವಣ್ಣ, ನಾನು ಬಿಡಲಿಲ್ಲ, ಕೈ ಜಾರಿತು" ಅಂದ. ಇದನ್ನು ಹೇಳುವಾಗ ಅವನು ಅತ್ತದ್ದು ಸುಳ್ಳಲ್ಲ. ಹೆಡ್‌ಫೋನಿನಲ್ಲಿ ಕೇಳಿದ್ದೇನೆ. ನಾನೂ ಅತ್ತೆ. ಪ್ರತಿ ಆಗಸ್ಟಿನಲ್ಲಿ ಇಬ್ಬರೂ ಹೋಗಿ ಹೂವು ನೆಡುತ್ತಿದ್ದೆವು.

ಏಕೆ ಹಾಗೆ ಹೇಳಿದ ಎಂದು ನನಗೆ ತಿಳಿಯದು. ಆದರೆ ಒಂದು ಹೇಳುತ್ತೇನೆ ಕೇಳಿ. ಹೆಂಡತಿಗಾಗಿ ಅಷ್ಟು ಅಳುವವನು ಕೆಟ್ಟವನಾಗಿರಲಾರ. ಒಳಗೆ ನಿಮ್ಮ ಮೇಲೆ ಪ್ರೀತಿ ಇಲ್ಲದೆ ಆ ಕಣ್ಣೀರು ಬರುತ್ತಿರಲಿಲ್ಲ. ಕಳೆದುಕೊಳ್ಳುವ ಭಯ ಅವನ ತಲೆಯಲ್ಲಿ ಹಾಗೆ ಕಥೆಯಾಗಿ ನಿಂತಿರಬಹುದು. ಹೋದವನನ್ನು ಕ್ಷಮಿಸಿಬಿಡಿ.

ರುದ್ರಮ್ಮನ ವಿಷಯ ಈಗ ಬರೆಯಲಾರೆ. ಕೈ ಬರುತ್ತಿಲ್ಲ. ಇನ್ನೊಂದು ದಿನ ಬರೆಯುತ್ತೇನೆ.

ರೇವಣ್ಣ


ಬಿಟ್ಟಂಗಾಲ
19 ಫೆಬ್ರವರಿ 2025

ರೇವಣ್ಣ ಅವರಿಗೆ,

ನೀವು ಕೇಳಿದ್ದು ಒಂದು ಬಾಯಿಂದ. ಇನ್ನೊಂದು ಬಾಯಿ ಇದೆ, ಕೇಳಿ.

ಅಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಅವರು ಜಗಲಿಯಲ್ಲಿದ್ದರು. ಮೇಲಿಂದ ಲಾರಿ ಬಂದಂಥ ಶಬ್ದ. ಹಿಂದಿನ ಗೋಡೆ ಒಳಗೆ ಬಂತು. ಸೊಂಟದವರೆಗೆ ಮಣ್ಣು, ಕಾಲಿನ ಮೇಲೆ ತೊಲೆ. ಬಾಗಿಲಿನಲ್ಲಿ ಅವರು ಬಂದು ನಿಂತರು. ನಾನು ಕೈ ಚಾಚಿದೆ. ಅವರು ನನ್ನನ್ನು ನೋಡಿದರು. ಚೆನ್ನಾಗಿ ನೋಡಿದರು. ಆಮೇಲೆ ತಿರುಗಿ ರಸ್ತೆಯ ಕಡೆ ಓಡಿದರು.

ಕೈ ಜಾರಲಿಲ್ಲ ರೇವಣ್ಣ ಅವರೇ. ಹಿಡಿದೇ ಇರಲಿಲ್ಲ.

ಸಂಜೆ ಜನ ಬಂದು ಅಗೆದು ತೆಗೆದರು. ಅವರೂ ಜೊತೆಗಿದ್ದರು, ಮುಂದೆ ನಿಂತು "ಇಲ್ಲಿ, ಇಲ್ಲಿ" ಎಂದು ತೋರಿಸುತ್ತಿದ್ದರು. ಎಲ್ಲರೂ ಅವರ ಬೆನ್ನು ತಟ್ಟಿದರು, ಹೆಂಡತಿಯನ್ನು ಉಳಿಸಿಕೊಂಡ ಎಂದು. ನಾನು ಸುಮ್ಮನಿದ್ದೆ. ಆರು ವರ್ಷ ಸುಮ್ಮನಿದ್ದೆ. ಗುಡ್ಡ ಬಿದ್ದರೆ ಯಾರಾದರೂ ಓಡುತ್ತಾರೆ, ನಾನೂ ಓಡುತ್ತಿದ್ದೆನೋ ಏನೋ. ಅದಕ್ಕಾಗಿ ಒಂದು ದಿನವೂ ಬೈದವಳಲ್ಲ. ಆದರೆ ಅಂದಿನಿಂದ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ. ತಟ್ಟೆ ನೋಡಿ ಮಾತಾಡುತ್ತಿದ್ದರು. ಕಾಲು ನೋವಿನಿಂದ ನಾನು ಕುಂಟುವುದನ್ನು ನೋಡಲಾರದೆ ಎದ್ದು ಹೋಗುತ್ತಿದ್ದರು. ನಾನು ಅದನ್ನು ಮರುಕ ಎಂದುಕೊಂಡಿದ್ದೆ.

ಈಗ ತಿಳಿಯಿತು. ನಾನು ಸತ್ತಿದ್ದರೆ ಅವರಿಗೆ ಅನುಕೂಲವಿತ್ತು. ಸತ್ತವಳ ಕೈ ಹಿಡಿದಿದ್ದೆ ಎಂದು ಹೇಳಬಹುದು. ಬದುಕಿರುವವಳ ಎದುರು ಹೇಳಲು ಬರುವುದಿಲ್ಲ. ಇದನ್ನು ನೀವು ಪ್ರೀತಿ ಎಂದು ಬರೆದಿದ್ದೀರಿ. ಕ್ಷಮಿಸಿ ಎಂದು ನನಗೆ ಹೇಳಿದ್ದೀರಿ.

ರುದ್ರಮ್ಮ ಯಾರೆಂದು ನೀವು ಹೇಳದಿದ್ದರೂ ಊಹಿಸಿಕೊಂಡೆ. ನನ್ನ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ ಎಂದರೆ ಎಂಥ ಸಂಬಂಧವಿರಬೇಕು! ನಿನ್ನೆ ಹೋಗಿ ಎರಡೂ ಗುಪ್ಪೆಗಳನ್ನು ಒಡೆದೆ. ನನ್ನದನ್ನೂ, ಅವಳದನ್ನೂ. ಹಲಗೆ ಮುರಿದೆ, ಹೂವು ಕಿತ್ತೆ, ಕಲ್ಲುಗಳನ್ನು ಒಂದೊಂದಾಗಿ ಹೊತ್ತು ಕೆರೆಗೆ ಹಾಕಿದೆ. ಎದೆಯ ಮೇಲಿಂದ ಇಳಿದ ಹಾಗಾಯಿತು.

ಪ್ರೇಮಾವತಿ


ಹೊಸದುರ್ಗ
20 ಫೆಬ್ರವರಿ 2025

ತಂಗಿ ಪ್ರೇಮಾವತಿಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಬರುವುದನ್ನು ಕಾಯದೆ ಬರೆಯುತ್ತಿದ್ದೇನೆ, ಏಕೆಂದರೆ ಶಿವರಾತ್ರಿ ಹತ್ತಿರ ಬಂತು.

ರುದ್ರಮ್ಮ ನನ್ನ ಹೆಂಡತಿ. ಕೊರೋನಾ ಮೊದಲ ವರ್ಷ ಹೋದಳು. ಆಸ್ಪತ್ರೆಯಿಂದ ನೇರ ಒಯ್ದರು. ನನಗೆ ಮುಖ ನೋಡಲು ಸಿಗಲಿಲ್ಲ, ಎಲ್ಲಿ ಮಣ್ಣು ಮಾಡಿದರೆಂದು ಸರಿಯಾಗಿ ತೋರಿಸುವವರೂ ಇರಲಿಲ್ಲ. ಒಂದು ಸಮಾಧಿ ಎಂದು ಹೋಗಿ ಕೂರಲು ನನಗೆ ಜಾಗವಿಲ್ಲ. ಆ ದಿನಗಳಲ್ಲಿ ನಿದ್ದೆ ಬಾರದೆ ಈ ಆಟ ಹಿಡಿದೆ. ಉದಯ ಸಿಕ್ಕ. ನನ್ನ ಕಥೆ ಹೇಳಿದೆ. ಅವನು, ನನ್ನದೂ ಅದೇ ಕಥೆ ಎಂದು ನಿಮ್ಮದನ್ನು ಹೇಳಿದ. ಆಮೇಲೆ ಅವನೇ ಹೇಳಿದ, "ನಡಿ, ಇಬ್ಬರಿಗೂ ಇಲ್ಲೇ ಒಂದು ಜಾಗ ಮಾಡುವ."

ಎರಡು ಗುಪ್ಪೆ ಕಟ್ಟಿದ್ದು ಹಾಗೆ. ನನ್ನ ಹೆಂಡತಿಗೆ ಈ ಭೂಮಿಯ ಮೇಲೆ ಇರುವ ಕಲ್ಲು ಅದೊಂದೇ. ಅದು ಭೂಮಿಯ ಮೇಲೆ ಅಲ್ಲ, ಅದೂ ಗೊತ್ತು. ಆದರೂ ಅಷ್ಟೇ.

ಆ ಲೋಕ ಇರುವುದು ಉದಯನ ಮೆಷಿನ್ನಿನೊಳಗೆ. ಅವನು ಹಾಕಿದಾಗ ಮಾತ್ರ ನಾನು ಒಳಗೆ ಬರಬಹುದಿತ್ತು. ಅದಕ್ಕೇ ಮೆಷಿನ್ ಬೇಡಿದ್ದು. ಮೊದಲೇ ಹೇಳಬಹುದಿತ್ತು. ಗಂಡ ಸತ್ತ ಹೆಣ್ಣುಮಗಳ ಮುಂದೆ ನನ್ನ ಹೆಂಡತಿಯ ಗೋಳು ಹೇಳಿ ಕೈ ಚಾಚುವುದು ಹೇಗೆ ಎಂದು ಸಂಕೋಚವಾಯಿತು.

ಪ್ರತಿ ಶಿವರಾತ್ರಿಗೆ ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಅವಳು ಉಪವಾಸ ಹಿಡಿಯುತ್ತಿದ್ದ ಹಬ್ಬ. ಇಪ್ಪತ್ತಾರನೇ ತಾರೀಖು ಸಂಜೆ ಒಂದು ಗಳಿಗೆ ಮೆಷಿನ್ ಹಾಕುತ್ತೀರಾ? ನನ್ನ ಹೆಸರು ಒಂದು ಚೌಕದಲ್ಲಿ ಬರುತ್ತದೆ, ಒತ್ತಿದರೆ ಸಾಕು. ಮಾತಾಡುವುದು ಬೇಡ. ಬಂದು, ಕೂತು, ಹೋಗುತ್ತೇನೆ.

ನಿಮ್ಮ ರೇವಣ್ಣ


ಬಿಟ್ಟಂಗಾಲ
14 ಮಾರ್ಚ್ 2025

ರೇವಣ್ಣ ಅವರಿಗೆ,

ಶಿವರಾತ್ರಿಯ ನಂತರ ನಿಮ್ಮ ಪತ್ರವಿಲ್ಲ. ಬರುವುದಿಲ್ಲವೆಂದೇ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ನನಗೆ ಸಿಕ್ಕಿದ್ದು ಹಬ್ಬದ ಹಿಂದಿನ ದಿನ. ನನ್ನದು ಅಷ್ಟರಲ್ಲಿ ನಿಮ್ಮ ಕಡೆ ಹೊರಟಾಗಿತ್ತು. ಅದು ಹಬ್ಬಕ್ಕೆ ಮೊದಲು ನಿಮ್ಮ ಕೈ ಸೇರಿತ್ತೋ ಇಲ್ಲವೋ ನನಗೆ ತಿಳಿಯದು. ಸೇರಿರಲಿ ಎಂದು ಬೇಡಿಕೊಂಡೆ. ಫೋನ್ ಮಾಡಬಹುದಿತ್ತು. ನಿಮ್ಮ ಅಂಗಡಿಯ ನಂಬರು ಪತ್ರದ ಹಿಂದೆಯೇ ಇತ್ತು. ಒತ್ತಲು ಧೈರ್ಯ ಬರಲಿಲ್ಲ.

ಹಬ್ಬದ ದಿನ ಮಧ್ಯಾಹ್ನವೇ ಕುಳಿತು, ನೀವು ಬರುವುದರೊಳಗೆ ಗುಪ್ಪೆ ಮತ್ತೆ ಕಟ್ಟಿಬಿಡೋಣ ಎಂದು ಹೋದೆ. ಜಾಗವೇ ಸಿಗಲಿಲ್ಲ. ಮನೆಯ ಹಿಂದಿನಿಂದ ಕೆರೆಯ ಸುತ್ತ ದಿಬ್ಬಗಳ ಸಾಲೇ ಇದೆ, ಕೆಂಪು ಮರಗಳು ಎಲ್ಲ ಕಡೆ ಒಂದೇ ತರಹ, ಬಯಲೂ ಒಂದೇ ತರಹ. ಗುಪ್ಪೆಗಳಿದ್ದಾಗ ಅವೇ ನನಗೆ ಗುರುತಾಗಿದ್ದವು. ಅವನ್ನೇ ಕಿತ್ತಿದ್ದೆ. ಭವಿತನನ್ನು ಕರೆದು ಮ್ಯಾಪ್ ಹಾಕಿಸಿದೆ. ಅದರಲ್ಲಿ ಆ ಜಾಗಕ್ಕೆ ಹೆಸರಿಲ್ಲ, ಚುಕ್ಕೆಯಿಲ್ಲ, ಬರೀ ಹಸಿರು.

ಸಂಜೆ ನಿಮ್ಮ ಹೆಸರು ಬಂತು. ಒತ್ತಿದೆ. ನೀವು ದೀಪ ಹಿಡಿದು ಬಂದಿರಿ, ನನ್ನ ಪಕ್ಕದಲ್ಲೇ ಹಾದು ಹೋದಿರಿ. ಎಲ್ಲೂ ನಿಲ್ಲದೆ, ತಲೆ ತಿರುಗಿಸದೆ ದಿಬ್ಬ ಹತ್ತಿದಿರಿ. ಕತ್ತಲಲ್ಲಿ ನಿಮ್ಮ ದೀಪವೊಂದನ್ನೇ ನೋಡಿಕೊಂಡು ನಾನು ಹಿಂದೆ ಬಂದು ಮರದ ಮರೆಯಲ್ಲಿ ನಿಂತೆ. ಬಯಲಿನ ನಡುವೆ ಹೋಗಿ ನಿಂತಿರಿ. ಒಮ್ಮೆ ಎಡಕ್ಕೆ ಹೋದಿರಿ, ಮತ್ತೆ ಬಂದಿರಿ. ಬಲಕ್ಕೆ ಹೋದಿರಿ, ಮತ್ತೆ ಬಂದಿರಿ. ಆಗ ತಿಳಿಯಿತು, ನನ್ನ ಪತ್ರ ನಿಮಗೆ ಸಿಕ್ಕಿರಲಿಲ್ಲ ಎಂದು.

ನಾನು ಹೆಡ್‌ಫೋನ್ ಹಾಕಿಕೊಂಡಿದ್ದೆ. ನೀವು ಉಸಿರಾಡುವುದು ಕೇಳಿಸುತ್ತಿತ್ತು. ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಆಮೇಲೆ ನೀವು ಇರಲಿಲ್ಲ.

ಕೇಳದೆ ಊಹಿಸಿಕೊಂಡೆ. ನೀವು ಹೇಳದೆ ಉಳಿದಿರಿ. ಇಬ್ಬರ ನಡುವೆ ಆ ಮನುಷ್ಯ ಮತ್ತೊಮ್ಮೆ ತಪ್ಪಿಸಿಕೊಂಡರು.

ಮಾರನೆಯ ದಿನದಿಂದ ತೋಡಿನ ಕಲ್ಲು ಆರಿಸಿ ಹೊತ್ತು, ರುದ್ರಮ್ಮನವರಿಗೆ ಒಂದು ಗುಪ್ಪೆ ಕಟ್ಟಿದ್ದೇನೆ. ನೀವು ನಿಂತ ಜಾಗದಲ್ಲೇ ಎಂದು ನನ್ನ ನಂಬಿಕೆ. ಹೂವು ನೆಡಲು ಬರಲಿಲ್ಲ, ಭವಿತ್ ನೆಟ್ಟುಕೊಟ್ಟ. ನನ್ನದನ್ನು ಕಟ್ಟಿಲ್ಲ.

ಮೆಷಿನ್ ಕಳಿಸುತ್ತಿದ್ದೇನೆ. ಭಾವನಿಗೆ ಅಸಮಾಧಾನ. "ಮನೆಯ ಸಾಮಾನು ಯಾರಿಗೋ ಕಳ್ಸುದು ಎಂಥಕೆ?" ಎಂದು ಕೇಳಿದರು. ಅದರೊಳಗೆ ಒಬ್ಬರ ಹೆಂಡತಿ ಇದ್ದಾರೆ ಎಂದೆ.

ಪ್ರೇಮಾವತಿ


ಹೊಸದುರ್ಗ
6 ಏಪ್ರಿಲ್ 2025

ಪ್ರೇಮಾವತಿಯವರಿಗೆ,

ಮೆಷಿನ್ ಬಂತು. ಯುಗಾದಿ ಕಳೆಯುವವರೆಗೂ ಪೆಟ್ಟಿಗೆ ಬಿಚ್ಚಲಿಲ್ಲ.

ನಿಮ್ಮ ಫೆಬ್ರವರಿಯ ಪತ್ರ ನನಗೆ ಸಿಕ್ಕಿದ್ದು ಶಿವರಾತ್ರಿಯ ಎರಡು ದಿನದ ಮೇಲೆ. ಆ ಸಂಜೆ ಬಯಲಿನಲ್ಲಿ ನಿಂತಾಗ ದಾರಿ ತಪ್ಪಿದೆನೋ ಎಂದು ಮೊದಲು ನನ್ನನ್ನೇ ಬೈದುಕೊಂಡೆ. ಆಮೇಲೆ ಕಿತ್ತ ಹೂವಿನ ಗುಂಡಿಗಳು ಕಂಡವು. ಯಾರೋ ಹುಡುಗರು ಮಾಡಿದ್ದು ಅಂದುಕೊಂಡೆ. ನೀವು ಎಂದು ಓದಿದ ಮೇಲೆ ನಿಮಗೆ ಬರೆಯುವ ಮನಸ್ಸಾಗಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ, ಈಗಲೂ ಪೂರ್ತಿ ಆಗಿಲ್ಲ.

ನೀವು ಕಟ್ಟಿದ ಗುಪ್ಪೆ ಹುಡುಕಲು ನನಗೆ ವಾರ ಹಿಡಿಯಿತು. ಅದು ಆ ದಿಬ್ಬವಲ್ಲ. ಅದರ ಪಕ್ಕದ್ದು, ಕೆರೆಯ ಇನ್ನೊಂದು ಮಗ್ಗುಲಿಗೆ. ಅಲ್ಲೂ ಕೆಂಪು ಮರಗಳಿವೆ. ಕಿತ್ತು ಹಳೆಯ ಜಾಗಕ್ಕೆ ಒಯ್ಯೋಣವೆಂದು ಒಂದು ಕಲ್ಲು ಎತ್ತಿದೆ. ಮತ್ತೆ ಅಲ್ಲೇ ಇಟ್ಟೆ. ಹಳೆಯ ಜಾಗವನ್ನು ಆರಿಸಿದವನು ಅವನು.

ಒಂದು ವಿಷಯ ನಿಮಗೆ ಹೇಳಲೇಬೇಕು. ನಿಮ್ಮನ್ನು ಬಿಟ್ಟು ಓಡಿದ್ದಕ್ಕೆ ಅವನ ಮೇಲೆ ಸಿಟ್ಟು ಮಾಡುವ ಹಕ್ಕು ನಿಮ್ಮದು. ನನ್ನ ಲೆಕ್ಕ ಬೇರೆ. ನನ್ನ ಹೆಂಡತಿಯ ಸಾವನ್ನು ನಾನು ಅವನ ಮುಂದೆ ಬಿಚ್ಚಿಟ್ಟೆ. ಅವನು ಅದಕ್ಕೆ ಸರಿಯಾಗಿ ಅಳತೆ ತೆಗೆದು ತನ್ನದೊಂದು ಹೊಲಿದುಕೊಂಡ. ನಾಲ್ಕು ವರ್ಷ ನಾನು ನಿಮಗಾಗಿ ಅತ್ತಿದ್ದೇನೆ. ನನ್ನ ರುದ್ರಮ್ಮನಿಗೆ ಅಳುವಾಗ ನಿಮಗೂ ಸೇರಿಸಿ ಅತ್ತಿದ್ದೇನೆ. ಆ ಅಳುವನ್ನು ಈಗ ಯಾರ ಹತ್ತಿರ ವಾಪಸ್ ಕೇಳಲಿ?

ಆದರೂ ಸಂಜೆಯಾದರೆ ಕೈ ಹೆಡ್‌ಫೋನಿಗೆ ಹೋಗುತ್ತದೆ. ಅವನ ಧ್ವನಿ ಬರುತ್ತದೇನೋ ಎಂದು. ಹಿಮದಲ್ಲಿ ನನ್ನ ಕೈ ಬಿಡದೆ ಹೊರಗೆ ತಂದವನೂ ಅವನೇ. ಎರಡೂ ಒಬ್ಬನೇ ಎಂದು ನನಗೆ ಇನ್ನೂ ಹೊಂದಿಸಿಕೊಳ್ಳಲು ಆಗುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಅಲ್ಲಿ ಅವನಿಗೆ ಒಂದು ಕಲ್ಲು ಇಡಲೇ, ಬೇಡವೇ? ನೀವು ಹೇಳಿದಂತೆ.

ರೇವಣ್ಣ


ಬಿಟ್ಟಂಗಾಲ
19 ಏಪ್ರಿಲ್ 2025

ರೇವಣ್ಣ ಅವರಿಗೆ,

ಇಡಬೇಡಿ.

ಇಲ್ಲಿ ಭಾವ ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ. ವರ್ಷಕ್ಕೆ ಒಮ್ಮೆ ಎಡೆ ಇಡುತ್ತಾರೆ, ಬೇಕೆಂದರೆ ನಾನು ಬಂದು ಅಡುಗೆ ಮಾಡಿಕೊಡುತ್ತೇನೆ. ಇಲ್ಲಿ ಅವರು ನನ್ನ ಗಂಡ, ಅಷ್ಟನ್ನು ತೆಗೆದುಹಾಕಲು ಬರುವುದಿಲ್ಲ. ಅಲ್ಲಿ ಅವರು ಹೆಂಡತಿ ಸತ್ತವರಾಗಿ ಬದುಕಿದರು. ಆ ಹೆಸರಿಗೆ ಕಲ್ಲು ಇಟ್ಟರೆ ಆ ಕಥೆ ನಿಜವಾಗುತ್ತದೆ. ನಿಮಗೆ ಅವರ ನೆನಪು ಬಂದರೆ ಬರಲಿ, ಅದಕ್ಕೆ ನಾನು ಅಡ್ಡವಿಲ್ಲ. ನನಗೂ ಬರುತ್ತದೆ.

ತಪ್ಪು ದಿಬ್ಬದಲ್ಲಿ ಕಟ್ಟಿದ್ದಕ್ಕೆ ಬೇಸರವಿದೆ. ನೀವು ಅಲ್ಲೇ ಬಿಟ್ಟದ್ದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ಮುಂದಿನ ವಾರ ನಾನು ಕುಶಾಲನಗರಕ್ಕೆ ಹೋಗುತ್ತಿದ್ದೇನೆ. ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ, ಉಳಿಯಲು ಕೋಣೆ ಕೊಟ್ಟಿದ್ದಾರೆ. ಭಾವ ಬೇಡ ಎಂದರು. ಅಲ್ಲಿನ ವಿಳಾಸ ನಿಮಗೆ ಬರೆಯುವುದಿಲ್ಲ. ನೀವು ಒಳ್ಳೆಯವರು. ಆದರೆ ನಿಮ್ಮ ಅಕ್ಷರ ಕಂಡಾಗಲೆಲ್ಲ ನನಗೆ ಆ ಹಲಗೆ ಕಾಣುತ್ತದೆ, ನನ್ನ ಅಕ್ಷರ ಕಂಡರೆ ನಿಮಗೆ ಆ ಬರಿಯ ಬಯಲು ಕಾಣುತ್ತಿರಬಹುದು.

ಇನ್ನು ಮುಂದೆ ಪತ್ರ ಬರದಿದ್ದರೆ ನಾನು ಸತ್ತೆ ಎಂದುಕೊಳ್ಳಬೇಡಿ.

ಇದ್ದೇನೆ.

ಪ್ರೇಮಾವತಿ